ಅಪ್ಪನಾಗಿ ನಿಂತವರು

ಕಳೆದ ಭಾನುವಾರ ನೋರಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಅಪ್ಪನ ಹೆಸರೇ ಇಲ್ಲ, ವೀಣಾ-ಸಾನ್" ಎಂದಳು. ಕಣ್ಣು ತುಂಬಿತ್ತು.

ನೋರಾ ಐರ್ಲೆಂಡಿನವಳು. ಜಪಾನಿನ ತ್ಸುಕುಬಾದಲ್ಲಿ ಇಂಗ್ಲಿಷ್ ಟೀಚರ್, ನಮ್ಮ ಮೇಲಿನ ಮನೆ. ಅಮ್ಮನ ತೊಂಬತ್ತನೇ ಬರ್ತ್‌ಡೇಗೆ ವಂಶವೃಕ್ಷ ಬರೆದುಕೊಡಲು ಆನ್‌ಲೈನಿನಲ್ಲಿ ಹಳೆಯ ದಾಖಲೆ ಹುಡುಕುತ್ತಿದ್ದಳು. ಕಾಫಿಗೆಂದು ಹೋಗುವ ನಾನೇ ಅಸಿಸ್ಟೆಂಟ್.

ಶುರುವಿನಲ್ಲಿ ಮಜವಾಗಿತ್ತು. ಅವರ ಹಳ್ಳಿಗಳಲ್ಲೂ ಮದುವೆ ದಲ್ಲಾಳಿಗಳಿದ್ದರಂತೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮದುವೆ ಇಲ್ಲ. ಅದಕ್ಕೂ ಮೊದಲೇ ಮುಗಿಸುವ ಅವಸರ ಎಲ್ಲರಿಗೂ. (ನಮ್ಮ ಆಷಾಢ ನೆನಪಾಯಿತೇ?)

ಆಮೇಲೆ ಸಿಕ್ಕಿದ್ದು ಅಮ್ಮನ ತಾಯಿ, ಅಜ್ಜಿ ಕೇಟ್‌ಳ ಜನನ ದಾಖಲೆ. ತಾಯಿ ಬ್ರಿಜೆಟ್. ತಂದೆಯ ಜಾಗ ಖಾಲಿ. ಮನೆಯವರೆಲ್ಲ ಮುತ್ತಜ್ಜ ಎಂದು ನಂಬಿದ್ದ ಪ್ಯಾಟ್ರಿಕ್, ಬ್ರಿಜೆಟ್‌ಳನ್ನು ಮದುವೆಯಾಗಿದ್ದು ಕೇಟ್‌ಗೆ ಮೂರು ವರ್ಷ ತುಂಬಿದ ಮೇಲೆ. ಆ ಕಾಲದಲ್ಲಿ ಮದುವೆಯಾಗದೆ ಹೆತ್ತವಳನ್ನು ಊರು ಸುಮ್ಮನೆ ಬಿಡುತ್ತಿತ್ತೇ? ಎಷ್ಟೋ ಹುಡುಗಿಯರಿಂದ ಮಗುವನ್ನೇ ಕಿತ್ತುಕೊಂಡರಂತೆ.

"ಅಮ್ಮನಿಗೆ ಹೇಗೆ ಹೇಳ್ಲಿ? ಹಾಗಾದ್ರೆ ಪ್ಯಾಟ್ರಿಕ್ ನಮ್ಮವನೇ ಅಲ್ಲ ಅಂತಾಯ್ತಲ್ಲ?"

"ಕೇಟ್ ಮದುವೆ ರೆಕಾರ್ಡ್ ನೋಡಿದ್ಯಾ?" ಎಂದೆ.

ಹುಡುಕಿದೆವು. ವಧುವಿನ ತಂದೆ: ಪ್ಯಾಟ್ರಿಕ್, ರೈತ. ಹೆತ್ತ ತಂದೆ ಅವನೇ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಊರೆಲ್ಲ ನೋಡುವಾಗ ಅಪ್ಪನಾಗಿ ನಿಂತಿದ್ದ.

ನೋರಾ ಮೂಗೊರೆಸಿಕೊಂಡಳು. "ಎರಡೂ ರೆಕಾರ್ಡನ್ನು ಅಮ್ಮನಿಗೆ ಕಳಿಸ್ತೀನಿ. ಬ್ರಿಜೆಟ್ ಯಾಕೆ ನಾಚಿಕೊಳ್ಬೇಕು?" ಎನ್ನುತ್ತಲೇ ವಂಶವೃಕ್ಷದಲ್ಲಿ ಕೇಟ್ ಹೆಸರಿನ ಮೇಲ್ಗಡೆ ಪ್ಯಾಟ್ರಿಕ್ ಹೆಸರನ್ನು ದೊಡ್ಡದಾಗಿ ಬರೆದಳು.

ನಿಮಗೆ ಈವರೆಗೆ ಹೇಳದ ಸಂಗತಿಯೊಂದಿದೆ. ನನ್ನ ಹೆತ್ತ ತಂದೆ ತೀರಿಕೊಂಡಾಗ ನನಗೆ ಎರಡು ವರ್ಷ. ಅಮ್ಮನನ್ನು (ಜೊತೆಗೆ ನನ್ನನ್ನೂ) ಒಪ್ಪಿಕೊಂಡು ಮದುವೆಯಾದವರು ಮೈಸೂರಿನ ಒಬ್ಬ ಗಣಿತದ ಮೇಷ್ಟ್ರು. ಅವರ ತಾಯಿ ವರ್ಷಗಟ್ಟಲೆ ಮಾತು ಬಿಟ್ಟರು. ಇವರು ಜಗ್ಗಲಿಲ್ಲ. ನನ್ನ ಧಾರೆಯ ಹೊತ್ತಿಗೆ ಹಿರಿಯರೊಬ್ಬರು, "ಕನ್ಯಾದಾನಕ್ಕೆ ಸೋದರಮಾವ ಕೂರಲಿ" ಎಂದರು. "ಮಗಳು ನನ್ನವಳು ಸ್ವಾಮಿ" ಎಂದವರೇ ಮೇಷ್ಟ್ರು ಮಣೆಯ ಮೇಲೆ ಕೂತೇಬಿಟ್ಟರು.

ಕೆಳಗಿಳಿದು ಬಂದವಳೇ ಮೈಸೂರಿಗೆ ಫೋನ್ ಮಾಡಿದೆ.

"ಅಪ್ಪ, ಥ್ಯಾಂಕ್ಸ್."

"ಯಾತಕ್ಕೆ ಪುಟ್ಟಿ?"

"ಅವತ್ತು ಮಣೆ ಮೇಲೆ ಕೂತಿದ್ದಕ್ಕೆ."

"ಇನ್ಯಾರು ಕೂರ್ಬೇಕಿತ್ತು?" ಎಂದರು.

ಕೊಂಬಿನಿ ಅಂಗಡಿಯಲ್ಲಿ ಬ್ರೆಡ್ಡು ಕೈಗಿಟ್ಟವರಿಗೂ ದಿನಾ ಅರಿಗಾತೋ ಎಂದು ಥ್ಯಾಂಕ್ಸ್ ಹೇಳುವ ನನಗೆ, ಇದೊಂದನ್ನು ಹೇಳಲು ನಲವತ್ತು ವರ್ಷ ಯಾಕೆ ಬೇಕಾಯಿತು?