ನಾನು ಗುರುತು ಹಾಕದ ಹಾಳೆ

ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ರಾಜಘಟ್ಟದಿಂದ ನಡೆದು ಬಂದು ದೊಡ್ಡಬಳ್ಳಾಪುರದಲ್ಲಿ ನನ್ನ ಜೊತೆ ಬಸ್ಸು ಹತ್ತುತ್ತಿದ್ದರು. ಎಪ್ಪತ್ತರ ದಶಕ, ಬೆಂಗಳೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನಮ್ಮಿಬ್ಬರದು ಜೋಡಿ ಕೆಲಸ. ಅವರು ಯಂತ್ರದಲ್ಲಿ ಅಕ್ಷರ ಒತ್ತಿ ಕಾರ್ಡಿಗೆ ತೂತು ಬೀಳಿಸಬೇಕು. ನಾನು ಅದೇ ಕಾರ್ಡನ್ನು ಇನ್ನೊಂದು ಯಂತ್ರಕ್ಕಿಟ್ಟು, ಅದೇ ಅಕ್ಷರಗಳನ್ನು ಮತ್ತೆ ಒತ್ತಿ ತಾಳೆ ನೋಡಬೇಕು. ಎರಡೂ ಸರಿಹೊಂದಿದರೆ ಮಾತ್ರ ಕಾರ್ಡಿನ ಅಂಚಿಗೆ ಗುರುತು. ಅವರು ಪ್ರತಿ ಕಾರ್ಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನನ್ನ ನಂಬಬೇಡ ಕಣಮ್ಮ, ನೀನೇ ನೋಡು" ಎಂದು ಕೊಡುತ್ತಿದ್ದರು.

ಒಂದು ದಿನ ಅವರು ಪ್ರೋಗ್ರಾಮಿನಲ್ಲೇ ಒಂದು ದೋಷ ಕಂಡುಹಿಡಿದರು. ಕಂತೆಯ ಕೊನೆಗೊಂದು ಖಾಲಿ ಕಾರ್ಡು ಸೇರಿಸಿದರೆ ಸಾಕು, ನಮಗಿಂತ ಮೊದಲು ಕಂಪ್ಯೂಟರ್ ಬಳಸಿದ ವಿಭಾಗದವರ ಗುಟ್ಟಿನ ಮಾಹಿತಿಯೆಲ್ಲ ನಮ್ಮ ಕಾಗದದ ಮೇಲೆ ಅಚ್ಚಾಗುತ್ತಿತ್ತು. ನನ್ನೆದುರಿಗೇ ಎರಡು ಸಲ ಮಾಡಿ ತೋರಿಸಿದರು. ಅದನ್ನು ವಿವರಿಸಿ ಸಾಹೇಬರಿಗೆ ಒಂದು ಹಾಳೆ ಬರೆದು, "ನೀನೂ ಒಂದು ಸೈನ್ ಹಾಕ್ತೀಯಾ?" ಎಂದು ಕೇಳಿದರು.

"ನಂದಿನ್ನೂ ಪರ್ಮನೆಂಟ್ ಆಗಿಲ್ಲ ಅಕ್ಕಾ," ಎಂದೆ.

ಅವರು ನಕ್ಕು, ಒಬ್ಬರೇ ಹೋಗಿ ಕೊಟ್ಟು ಬಂದರು.

ಯಾರೂ ಆ ದೋಷವನ್ನು ಸರಿಪಡಿಸಲಿಲ್ಲ. ತಿಂಗಳಾದ ಮೇಲೆ, ಬಡ್ತಿಯ ಗುಟ್ಟಿನ ಪಟ್ಟಿ ಪ್ರಕಟವಾಗುವ ಮುಂಚೆಯೇ ಹೊರಬಿತ್ತು. ಸಾಹೇಬರು ಆ ಹಾಳೆ ಹಿಡಿದುಕೊಂಡು ಬಂದು, "ಈ ದಾರಿ ಗೊತ್ತಿದ್ದಿದ್ದು ಇವರೊಬ್ಬರಿಗೇ. ಬೇರೆ ಯಾರಾದ್ರೂ ಈ ದೋಷ ನೋಡಿದ್ದೀರೇನ್ರಿ?" ಎಂದರು. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ನಾನು ಯಂತ್ರದ ಮೇಲೆ ತಲೆ ಬಗ್ಗಿಸಿದೆ. ಅಂದೇ ಅವರನ್ನು ಕೆಲಸದಿಂದ ತೆಗೆದರು; ಮರುದಿನದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.

ಅವರ ಸಾವಿರಾರು ಕಾರ್ಡುಗಳಿಗೆ ನಾನು ಗುರುತು ಹಾಕಿದ್ದೇನೆ. ಕಣ್ಣಾರೆ ತಾಳೆ ನೋಡಿಯೂ ಹಾಕದೆ ಬಿಟ್ಟದ್ದು ಆ ಒಂದು ಹಾಳೆಗೆ.