ಟೈಪಿಂಗ್ ಮೇಡಂ ಕೇಳುತ್ತಿದ್ದ ಪ್ರಶ್ನೆಗಳು

ಹೋದ ತಿಂಗಳು ಹಳೇ ಪೇಪರು ಹಾಕಲು ಹಾಸನದ ಗುಜರಿ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕದ ರಾಶಿಯಲ್ಲಿ, ಮುರಿದ ಫ್ಯಾನು, ತುಕ್ಕು ಹಿಡಿದ ಸ್ಟೌಗಳ ನಡುವೆ ಒಂದು ಕಪ್ಪು ಪೆಡಲ್ ಬಿದ್ದಿತ್ತು. ಹೊಲಿಗೆ ಮಿಷನ್ನಿಂದು ಎಂದು ಅಂಗಡಿಯವನು ಹೇಳಿದ. ಅಲ್ಲ ಎಂದು ನನಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟೆ. ಒತ್ತಿದರೆ ಕಿವಿಯಲ್ಲಿ ಮಾತು ಶುರುವಾಗಬೇಕು, ಕಾಲೆತ್ತಿದರೆ ನಿಲ್ಲಬೇಕು... ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪೇಪರು ತಂದಿದ್ದನ್ನೇ ಮರೆತು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಆ ಪೆಡಲ್ ಒತ್ತುವುದನ್ನು ನನಗೆ ಕಲಿಸಿದವರನ್ನು ಹೊಳೆನರಸೀಪುರದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಟೈಪಿಂಗ್ ಮೇಡಂ ಎಂದು. ತೊಂಬತ್ತರ ದಶಕದಲ್ಲಿ ಮನೆಯ ಹಜಾರದಲ್ಲೇ ಟೈಪ್‌ರೈಟರುಗಳನ್ನು ಸಾಲಾಗಿ ಇಟ್ಟುಕೊಂಡು ನಮ್ಮಂಥ ಹುಡುಗಿಯರನ್ನು ಜೂನಿಯರ್, ಸೀನಿಯರ್ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಅವರ ಅಪ್ಪ ಗೊರೂರಿನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದವರು. ಮೇಡಂ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಡ್ಯಾಮಿನ ಕೆಲಸಕ್ಕೆ ಬಂದು ನೆಲೆಸಿದ ತಮಿಳರ ಮಕ್ಕಳ ಜೊತೆ ಆಡಿಕೊಂಡು, ಅವರ ಮಾತು ಕಲಿತುಕೊಂಡು. ಅಪ್ಪ ತೀರಿಕೊಂಡ ಮೇಲೆ ತಾಯಿ, ಮಗಳು ಇಬ್ಬರೇ. ಅವರದು ಬೌದ್ಧರ ಮನೆ. ಹಜಾರದ ಗೋಡೆಯ ಮೇಲೆ ಬುದ್ಧನ ಪಟವೊಂದು ಬಿಟ್ಟರೆ ಬೇರೆ ದೇವರಿರಲಿಲ್ಲ. ದೇವಸ್ಥಾನದ ಬೀದಿಯ ನಮ್ಮ ಮನೆಗಳವರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಲಿಯಲು ಕಳಿಸುತ್ತಿದ್ದರು, ಆದರೆ ಅಲ್ಲಿ ನೀರು ಮುಟ್ಟಬೇಡ ಎಂದು ಹೇಳಿಯೇ ಕಳಿಸುತ್ತಿದ್ದರು. ವಿದ್ಯೆಗೆ ಇಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೇಡಂ ಅವರ ತಾಯಿಯನ್ನು ನಾವೂ ಅವ್ವ ಎಂದೇ ಕರೆಯುತ್ತಿದ್ದೆವು. ಸಂಜೆ ಅವ್ವ ಕೊಡುತ್ತಿದ್ದ ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಎರಡು ಸಾವಿರದ ಆಸುಪಾಸಿಗೆ ಟೈಪ್‌ರೈಟರಿನ ಕಾಲ ಮುಗಿಯಿತು. ಊರಿನ ಬೇರೆ ಇನ್‌ಸ್ಟಿಟ್ಯೂಟಿನವರು ಜೆರಾಕ್ಸ್ ಅಂಗಡಿ ಇಟ್ಟುಕೊಂಡರು. ಮೇಡಂ ಮಾತ್ರ ಕಂಪ್ಯೂಟರ್ ತಂದು, ಬೆಂಗಳೂರಿಗೆ ಹೋಗಿ ತರಬೇತಿ ಪಡೆದು, ಇಂಟರ್ನೆಟ್ಟಿನಲ್ಲೇ ಹುಡುಕಿ ಅಮೆರಿಕದ ಕಂಪನಿಯೊಂದರ ಕೆಲಸ ಹಿಡಿದರು. ಅಲ್ಲಿನ ಡಾಕ್ಟರುಗಳು ರೋಗಿಯನ್ನು ನೋಡಿ, ಅವರು ಹೇಳಿದ್ದನ್ನು, ತಾವು ಕಂಡದ್ದನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅದು ಬೆಳಗಾಗುವುದರೊಳಗೆ ನಮ್ಮ ನರಸೀಪುರಕ್ಕೆ ಬಂದು ಬಿದ್ದಿರುತ್ತಿತ್ತು. ನಾವು ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತುತ್ತಾ ಅದನ್ನು ಟೈಪ್ ಮಾಡಿ ಸಂಜೆಯೊಳಗೆ ವಾಪಸು ಕಳಿಸಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಕಾಣದ ದೇಶದ ಕಾಣದ ಜನರ ಲಿವರು, ಕಿಡ್ನಿ, ಎದೆನೋವು, ಸಾವು ಎಲ್ಲವೂ ದಿನಾ ನಮ್ಮ ಕಿವಿಯ ಮೂಲಕವೇ ಹಾದು ಹೋಗುತ್ತಿದ್ದವು. ರೋಗಿ ಸತ್ತರೂ ಡಾಕ್ಟರ ದನಿ ಒಂದೇ ಸಮ ಇರುತ್ತಿತ್ತು.

ಈ ಕೆಲಸದಿಂದಲೇ ಮೇಡಂಗೆ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ಅಮೆರಿಕದ ಹೆಂಗಸರು ತಮಗಾದದ್ದನ್ನು ಎಷ್ಟು ಬಿಡಿಸಿ ಹೇಳುತ್ತಾರೆ, ನಮ್ಮ ಹೆಂಗಸರಿಗೆ ಯಾಕೆ ಬಾಯಿಲ್ಲ ಎಂದು ಅವರು ಆಗಾಗ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟು ಗುರುವಾರ ಗುರುವಾರ ಸುತ್ತಲಿನ ಹಳ್ಳಿಯ ಹೆಂಗಸರನ್ನು ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದರು. ಅವತ್ತಿನ ಫೈಲುಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಬೆಳಗಿನ ಬಸ್ಸಿಗೆ ಹಳ್ಳಿಮೈಸೂರು ಕಡೆಯವರು, ಅರಕಲಗೂಡು ಕಡೆಯವರು ಮೇಡಂ ಮನೆಯ ಜಗಲಿ ಮೇಲೆ ಬಂದು ಕೂತಿರುತ್ತಿದ್ದರು.

ಅವರು ಕೇಳುವ ರೀತಿಯೇ ಬೇರೆ. ಏನಾಗಿದೆ ಎಂದು ಯಾವತ್ತೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ನಮ್ಮ ಕಡೆ ಹೆಂಗಸರ ಬಾಯಲ್ಲಿ ಬರುವುದು ಒಂದೇ ಮಾತು, ಏನಿಲ್ಲ. ಅದಕ್ಕೇ ಮೇಡಂ ಮನೆಗೆಲಸದ ಮಾತೆತ್ತುತ್ತಿದ್ದರು. ಬಾವಿಯಿಂದ ನೀರು ಸೇದುತ್ತೀರಾ, ರಾಗಿ ಮುದ್ದೆ ತಿರುವುವಾಗ ಯಾರನ್ನಾದರೂ ಕರೆಯುತ್ತೀರಾ, ನಿಮ್ಮ ಜಡೆ ನೀವೇ ಹಾಕಿಕೊಳ್ಳುತ್ತೀರಾ... ಒಮ್ಮೆ ರಾಮನಾಥಪುರದ ಕಡೆಯಿಂದ ಹೊಗೆಸೊಪ್ಪನ್ನು ಮೇಲೆ ತೂಗುಹಾಕಿ ಬೇಯಿಸುವ ಬ್ಯಾರನ್ನಿನಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸೊಬ್ಬಳು ಬಂದಿದ್ದಳು. ಸುಸ್ತು, ಒಂದು ಟಾನಿಕ್ ಬರೆಸಿಕೊಡಿ ಸಾಕು ಎಂದಳು. ಸೊಪ್ಪು ಕಟ್ಟಿದ ಕೋಲನ್ನು ಮೇಲೆತ್ತಿ ಕೊಡುತ್ತೀರಾ ಎಂದು ಮೇಡಂ ಕೇಳಿದರು. ಈಗ ಎಲ್ಡು ತಿಂಗಳಿಂದ ಕೆಳಗೇ ಕುಂತು ಕಟ್ಕೊಡ್ತೀನಿ ಕಣವ್ವ, ಕೈ ಮ್ಯಾಕ್ಕೆ ಬರಾಕಿಲ್ಲ, ಎಂದಳು. ಅವಳ ಎದೆಯಲ್ಲಿ ಗಂಟಿತ್ತು. ಬೇಗ ಗೊತ್ತಾದ್ದರಿಂದ ಬದುಕಿಕೊಂಡಳು. ಮಾರನೇ ವರ್ಷ ಬಂದು ಅವ್ವನ ಮಡಿಲಿಗೆ ಒಂದು ಕುಂಬಳಕಾಯಿ ಇಟ್ಟು ಹೋದಳು.

ಸುನಾಮಿ ಬಂದದ್ದು ಆಮೇಲೆ. ಶ್ರೀಲಂಕಾದ ಕರಾವಳಿಯ ಶಿಬಿರಗಳಲ್ಲಿ ಡಾಕ್ಟರುಗಳ ಜೊತೆ ಓಡಾಡಿ, ಅಲ್ಲಿನ ಹೆಂಗಸರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ತಮಿಳು ಬಲ್ಲವರು ಬೇಕೆಂದು ಸ್ವಯಂಸೇವಕರ ಗುಂಪೊಂದು ಇಂಟರ್ನೆಟ್ಟಿನಲ್ಲಿ ಹಾಕಿತ್ತು. ಸಂಬಳವಿಲ್ಲ, ಊಟ ವಸತಿ ಮಾತ್ರ. ಮೇಡಂ ಹೋಗಲೋ ಬೇಡವೋ ಎಂದು ವಾರವೆಲ್ಲಾ ಒದ್ದಾಡಿದರು. ಕೊನೆಗೆ ಹೊರಡಿಸಿದ್ದು ಅವ್ವನೇ.

"ಓಗ್ಬುಟ್ ಬಾ ಮಗ. ಈ ಉಡುಗೀರು ಅವೆ, ನಂಗೇನಾಯ್ತದೆ."

ಮೂರು ತಿಂಗಳು ಮೇಡಂ ಅಲ್ಲಿದ್ದರು. ಬೆಳಗ್ಗೆ ಶಿಬಿರ, ಮಧ್ಯಾಹ್ನ ಅಲ್ಲಿನ ಪೇಟೆಯ ನೆಟ್ ಸೆಂಟರಿನಲ್ಲಿ ಕೂತು ನಾವು ಕಳಿಸಿದ ಫೈಲುಗಳನ್ನು ತಿದ್ದುವುದು. ಕಂಪನಿಗೆ ಒಂದು ದಿನವೂ ತಡವಾಗಲಿಲ್ಲ. ಭಾನುವಾರ ಫೋನ್ ಬರುತ್ತಿತ್ತು. ಅವ್ವನ ಹತ್ತಿರ ಎರಡು ಮಾತು, ಆಮೇಲೆ ನಮ್ಮ ಹತ್ತಿರ ಫೈಲುಗಳ ವಿಚಾರ. ಅಲ್ಲಿ ಕಂಡದ್ದನ್ನು ಹೆಚ್ಚು ಹೇಳುತ್ತಿರಲಿಲ್ಲ. ಮಕ್ಕಳನ್ನು ನೀರಿಗೆ ಕಳೆದುಕೊಂಡ ತಾಯಂದಿರು ಹೊಟ್ಟೆನೋವು, ತಲೆನೋವು ಎಂದು ಹೇಳಿಕೊಂಡು ಬರುತ್ತಾರೆ, ಅವರ ಪಕ್ಕ ಸುಮ್ಮನೆ ಕೂರುವುದೇ ಕೆಲಸ ಎಂದು ಒಂದು ಸಲ ಅಂದಿದ್ದರು. ಇತ್ತ ಅವ್ವ ಸಂಜೆ ನಮ್ಮಲ್ಲಿ ಯಾರನ್ನಾದರೂ ಕೂರಿಸಿಕೊಂಡು ತಲೆ ಬಾಚಿಸಿಕೊಳ್ಳುತ್ತಿದ್ದರು. ಮಗಳಿಲ್ಲದೆ ಬೇಜಾರು ಪಾಪ ಎಂದುಕೊಂಡು ನಾವು ಸಂತೋಷವಾಗಿಯೇ ಬಾಚುತ್ತಿದ್ದೆವು.

ಮಾವಿನಹಣ್ಣಿನ ಕಾಲಕ್ಕೆ ಮೇಡಂ ವಾಪಸು ಬಂದರು. ಕಪ್ಪಗಾಗಿದ್ದರು, ಕೆನ್ನೆ ಒಳಗೆ ಹೋಗಿತ್ತು. ಅವ್ವ ಕಾಫಿ ಮಾಡಲು ಏಳಹೋದರೆ ಬೇಡ ಎಂದು ಕೂರಿಸಿ ತಾವೇ ಅಡುಗೆಮನೆಗೆ ಹೋದರು. ಮೇಡಂ ಶ್ರೀಲಂಕಾದಿಂದ ತಂದಿದ್ದ ಟೀ ಪುಡಿಯ ಪೊಟ್ಟಣ ಹಿಡಿದು ನಾನು ಹಿಂದೆಯೇ ಹೋದೆ. ಅವರು ಒಲೆ ಹಚ್ಚಿ, ನೋಡದೆಯೇ ಮೇಲಿನ ಹಲಗೆಗೆ ಕೈ ಚಾಚಿದರು. ಸಕ್ಕರೆ ಡಬ್ಬ ಮೊದಲಿಂದ ಇರುತ್ತಿದ್ದದ್ದು ಅಲ್ಲೇ. ಕೈಗೆ ಏನೂ ಸಿಗಲಿಲ್ಲ. ತಲೆಯೆತ್ತಿ ನೋಡಿದರು. ಹಲಗೆ ಖಾಲಿ. ಸಕ್ಕರೆ, ಕಾಫಿಪುಡಿ, ಹುಣಿಸೆಹಣ್ಣು, ಉಪ್ಪಿನಕಾಯಿ ಜಾಡಿ ಎಲ್ಲವೂ ಕೆಳಗೆ ಗೋಡೆಗೊರಗಿಸಿ ನೆಲದ ಮೇಲೆ ಸಾಲಾಗಿ ಕೂತಿದ್ದವು.

ಮೇಡಂ ಒಲೆ ಆರಿಸಿದರು. ಹಜಾರಕ್ಕೆ ಬಂದು ಅವ್ವನ ಎದುರು ನಿಂತರು.

"ಅವ್ವ, ಕೈ ಎತ್ತು."

ಅವ್ವ ಬಲಗೈ ಎತ್ತಿದರು. ಆ ಕೈಯಲ್ಲ ಎಂದರು ಮೇಡಂ. ಅವ್ವ ಎಡಗೈಯನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡು ಬಾಗಿಲ ಕಡೆ ನೋಡಿದರು. ನಾವು ಹುಡುಗಿಯರು ಹೆಡ್‌ಫೋನ್ ತೆಗೆದು ಕೂತಲ್ಲೇ ಕೂತಿದ್ದೆವು. ಮೇಡಂ ಅವ್ವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅವ್ವ ಎದೆಗೆ ಅರಿಶಿನ, ಬೇವು ಅರೆದು ಹಚ್ಚಿ, ಹಳೇ ಸೀರೆಯ ಬಟ್ಟೆ ಸುತ್ತಿಕೊಂಡಿದ್ದರಂತೆ. ಗಂಟು ಒಡೆದು ಹುಣ್ಣಾಗಿತ್ತಂತೆ.

ಹಾಸನಕ್ಕೆ ಹೋದರು, ಅಲ್ಲಿಂದ ಬೆಂಗಳೂರಿಗೆ. ಎರಡೂ ಕಡೆಯ ಡಾಕ್ಟರುಗಳು ಮೈಯೆಲ್ಲಾ ಹರಡಿದೆ ಎಂದೇ ಹೇಳಿದರು. ಮನೆಗೆ ಕರೆತಂದು ಹಜಾರದ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ನಾವು ಟೈಪ್ ಮಾಡುವಾಗ ಗೋಡೆಯಾಚೆಯಿಂದ ನರಳುವುದು ಕೇಳುತ್ತಿತ್ತು. ನಾವು ಹೆಡ್‌ಫೋನಿನ ಸದ್ದು ಹೆಚ್ಚು ಮಾಡಿಕೊಳ್ಳುತ್ತಿದ್ದೆವು. ಒಂದು ಮಧ್ಯಾಹ್ನ ಮೇಡಂ ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಎಂದು ಅಳುತ್ತಾ ಕೇಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿನ್ ಕಿವೀಲಿ ದಿನಾ ಮಂದಿ ಕಾಯ್ಲೇನೇ ತುಂಬ್ಕಂಡಿರ್ತದೆ," ಎಂದರು ಅವ್ವ. "ಮನೇಲೂ ಅದೇಯಾ ಅಂತ ಸುಮ್ಕಾದೆ ಕಣ್ ಮಗ." ಆಮೇಲೆ, "ಬುಡು. ಮಕ್ಳು ಕಳ್ಕಂಡ ಆ ತಾಯೀರ ತಾವ ನೀ ಕುಂತಿದ್ದಲ್ಲ, ಅಷ್ಟು ಸಾಕು," ಎಂದರು.

ಗೌರಿ ಹಬ್ಬಕ್ಕೆ ಮುಂಚೆಯೇ ಅವ್ವ ಹೋದರು.

ನಮ್ಮ ಊರಿನವರಿಗೆ ಬೇರೆಯವರ ಮನೆ ವಿಚಾರ ಎಂದರೆ ಹೊಟ್ಟೆ ತುಂಬಿದ ಹಾಗೆ. ಹೆತ್ತ ತಾಯಿಯನ್ನು ಸಾಯಲು ಬಿಟ್ಟು ಪರದೇಶದವರ ಸೇವೆಗೆ ಹೋದಳು ಎಂದು ಆಡಿಕೊಂಡರು. ಗುರುವಾರದ ಬಸ್ಸಿನಲ್ಲಿ ಅವರ ಸೆರಗು ಹಿಡಿದು ಹಾಸನಕ್ಕೆ ಹೋಗಿ ಬಂದವರೂ ಆಡಿಕೊಂಡರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಮೇಡಂ ಮಾತ್ರ ಯಾರಿಗೂ ಎದುರು ಹೇಳಲಿಲ್ಲ.

ಆಮೇಲೆ ಅವರು ಗುರುವಾರದ ಬಸ್ಸು ಹತ್ತಲೇ ಇಲ್ಲ. ಕೆಲವು ವಾರ ಹೆಂಗಸರು ಬಂದು ಜಗಲಿ ಮೇಲೆ ಕೂತು ನೋಡಿದರು. ಮೇಡಂ ಒಳಗಿಂದಲೇ, ಇವತ್ತು ಆಗಲ್ಲ, ಹೋಗಿ, ಎಂದು ಹೇಳಿ ಕಳಿಸುತ್ತಿದ್ದರು. ಬರುಬರುತ್ತಾ ಅವರೂ ಬರುವುದನ್ನು ಬಿಟ್ಟರು. ಶ್ರೀಲಂಕಾದವರು ಮತ್ತೆ ಕರೆದು ಮೇಲ್ ಬರೆದರು. ಅದಕ್ಕೂ ಉತ್ತರ ಹೋಗಲಿಲ್ಲ. ಉಳಿದದ್ದು ಅಮೆರಿಕದ ಕೆಲಸ ಒಂದೇ. ಎದೆಯ ಕ್ಯಾನ್ಸರಿನ ಫೈಲು ಬಂದರೆ ನಮಗೆ ಯಾರಿಗೂ ಕೊಡುತ್ತಿರಲಿಲ್ಲ, ತಾವೇ ಇಟ್ಟುಕೊಳ್ಳುತ್ತಿದ್ದರು. ಟೈಪ್ ಮಾಡಿ ಮುಗಿಸಿ, ಇನ್ನೊಂದು ಸಲ ಮೊದಲಿಂದ ಕೇಳುತ್ತಿದ್ದರು. ಅದರಲ್ಲಿ ಏನು ಹುಡುಕುತ್ತಿದ್ದರೋ... ಕೇಳುವ ಧೈರ್ಯ ನಮಗಿರಲಿಲ್ಲ.

ನಾನು ಮದುವೆಯಾಗಿ ಹಾಸನಕ್ಕೆ ಬಂದೆ. ಅತ್ತ ಆ ಕೆಲಸವೂ ಕಡಿಮೆಯಾಗುತ್ತಾ ಬಂತು. ಮೇಡಂ ಮನೆ ಖಾಲಿ ಮಾಡಿ ಚನ್ನರಾಯಪಟ್ಟಣದಲ್ಲಿ ಚಿಕ್ಕಮ್ಮನ ಮಗಳ ಮನೆ ಸೇರಿದ್ದಾರೆ ಎಂದು ಯಾರೋ ಹೇಳಿದರು.

ಕೊನೆಯ ಸಲ ಅವರನ್ನು ನೋಡಿದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಚನ್ನರಾಯಪಟ್ಟಣದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಓಡಿಹೋಗಿ ಕಿಟಕಿಯ ಸರಳು ಹಿಡಿದುಕೊಂಡೆ. ಎಷ್ಟೋ ಕೇಳಬೇಕಿತ್ತು. ಬಾಯಿಗೆ ಬಂದದ್ದು ಎಲ್ಲರೂ ಕೇಳುವುದೇ.

"ಊಟ ಆಯ್ತಾ ಮೇಡಂ?"

ಅವರು ನನ್ನನ್ನೇ ನೋಡಿದರು. ಬೈಯುತ್ತಾರೇನೋ ಅನ್ನಿಸಿತು.

"ನಾನೂ ಅವ್ವನ್ನ ಅದನ್ನೇ ಕೇಳ್ತಿದ್ದೆ ಕಣೆ," ಎಂದರು. "ಶ್ರೀಲಂಕಾದಿಂದ ಫೋನ್ ಮಾಡ್ದಾಗ್ಲೆಲ್ಲಾ ಅದೇ. ಆಯ್ತು ಮಗ ಅಂತಿದ್ಲು. ಸುಳ್ಳು ಹೇಳ್ತಿರ್ಲಿಲ್ಲ, ಊಟ ಆಗಿರ್ತಿತ್ತು." ಬಸ್ಸು ಸ್ಟಾರ್ಟ್ ಆಯಿತು. ಅವರು ಸರಳಿನ ಮೇಲಿದ್ದ ನನ್ನ ಕೈ ಮೇಲೆ ಕೈಯಿಟ್ಟರು. "ನಾನು ಹೋಗಿದ್ದಕ್ಕೆ ಹಿಂಗಾಯ್ತು ಅಂತ ಊರೋರು ಅಂತಾರೆ. ಅಷ್ಟೇ ಆಗಿದ್ರೆ ಹೆಂಗೋ ತಡ್ಕೊಳ್ತಿದ್ದೆ. ಗಂಟು ನಾನು ಹೋಗೋಕೆ ಮುಂಚೆನೇ ಇತ್ತು ಕಣೆ, ಹಿಂದಿನ ದಸರಾದಲ್ಲೇ. ದಿನಾ ಪಕ್ಕದಲ್ಲಿ ಕೂತು ಉಂಡಿದ್ದೀನಿ. ಕಂಡೋರ ಮನೆ ಹೆಂಗಸರನ್ನೆಲ್ಲಾ ಕೇಳ್ದೆ, ಅವ್ವನ್ನ ಕೇಳ್ಲೇ ಇಲ್ಲ."

ಬಸ್ಸು ಹೊರಟಿತು.

ಅವರು ತೀರಿಕೊಂಡು ಕೆಲವು ವರ್ಷಗಳೇ ಆದವು. ನನಗೆ ಗೊತ್ತಾದದ್ದು ತಿಥಿ ಎಲ್ಲ ಮುಗಿದ ಎಷ್ಟೋ ದಿನದ ಮೇಲೆ, ಮದುವೆಮನೆಯೊಂದರಲ್ಲಿ, ಪಂಕ್ತಿಯಲ್ಲಿ ಪಕ್ಕ ಕೂತ ಹಳೇ ಗೆಳತಿಯಿಂದ. ಏನಾಗಿತ್ತು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಎಲೆ ಮುಂದೆ ಕೂತು ಅತ್ತೆವು. ಬಡಿಸುವವರು ಖಾರ ಆಯ್ತಾ ಎಂದು ವಿಚಾರಿಸಿದರು. ನನ್ನ ಕೈಗೆ ಕೆಲಸ ಕೊಟ್ಟವರು ಅವರು, ಮನೆಯಿಂದ ಹೊರಗೆ ಕಾಲಿಡುವ ಧೈರ್ಯ ಕೊಟ್ಟವರು. ಅವರಿಗಾಗಿ ನಾನು ಏನೂ ಮಾಡಲಿಲ್ಲ, ಸತ್ತಾಗ ಮುಖವನ್ನೂ ನೋಡಲಿಲ್ಲ.

ನನ್ನಮ್ಮ ಈಗ ನರಸೀಪುರದಲ್ಲಿ ಅಣ್ಣನ ಜೊತೆ ಇದ್ದಾಳೆ. ಗುಜರಿ ಅಂಗಡಿಯಿಂದ ಬಂದ ಸಂಜೆ ಅವಳಿಗೆ ಫೋನ್ ಮಾಡಿದೆ. ನೀರು ಸೇದುತ್ತೀಯಾ, ಜಡೆ ನೀನೇ ಹಾಕಿಕೊಳ್ಳುತ್ತೀಯಾ, ಮೇಲಿನ ಡಬ್ಬ ಕೈಗೆ ಎಟಕುತ್ತಾ, ಎಲ್ಲವನ್ನೂ ಕೇಳಬೇಕು ಎಂದುಕೊಂಡೇ ಮಾಡಿದ್ದೆ. ಅವಳ ದನಿ ಕೇಳಿದ ಕೂಡಲೇ ಊಟ ಆಯ್ತಾ ಅಮ್ಮ ಎಂದೆ. ಆಯ್ತು ಕಣೆ, ನಿಂದು ಎಂದಳು. ಆಯ್ತು ಎಂದು ಫೋನ್ ಇಟ್ಟೆ.