ಗಂಡಸರು ಅನ್ನಕ್ಕಿಟ್ಟ ಭಾನುವಾರ

ನಮ್ಮ ಕಾಫಿ ತೋಟದ ಕೂಲಿಕಾರರ ಯೂನಿಯನ್ನಿನ ಸಭೆ ಅಂದರೆ ಹೆಂಗಸರಿಗೆ ಅಡುಗೆ ಕೆಲಸ ಅಂತಲೇ ಲೆಕ್ಕ. ಗಂಡಸರು ಕುರ್ಚಿಯಲ್ಲಿ ಕೂತು ಭಾಷಣ ಕೇಳುತ್ತಿದ್ದರು, ನಾವು ಶಾಮಿಯಾನದ ಹಿಂದೆ ಈರುಳ್ಳಿ ಹೆಚ್ಚುತ್ತಿದ್ದೆವು. ಆ ಸಲ ಮೇ ತಿಂಗಳಲ್ಲಿ ಜಾವಳಿ ಹತ್ತಿರ ಸೇರುವುದು ಅಂತಾದಾಗ, ನಮ್ಮ ತೋಟದ ಹಿರಿಯಕ್ಕ ಒಬ್ಬರು, "ಈ ಸಲ ನಾವೂ ಭಾಷಣ ಕೇಳ್ತೀವಿ. ಅನ್ನ ನೀವೇ ಮಾಡಿ" ಅಂದರು. ಗಂಡಸರು ನಕ್ಕರು. ನಗುತ್ತಲೇ ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಪಿಕಪ್ಪಿನಿಂದ ಇಳಿದವರೇ ಮುಂದಿನ ಸಾಲು ಹಿಡಿದೆವು. ಚಿಕ್ಕಮಗಳೂರಿಂದ ಬಂದ ಮುಖಂಡರು ಮಾತು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ನಮ್ಮನೆಯವರು ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ಸೌಟು ಹಿಡಿದು ಶಾಮಿಯಾನದ ಬದಿಗೆ ಬಂದು ನಿಂತರು.

"ಏ, ಅಕ್ಕಿಗೆ ನೀರೆಷ್ಟು?"

ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿಸಿತು. ನಾನು ಕೈಸನ್ನೆ ಮಾಡಿದೆ, ಅವರಿಗೆ ತಿಳಿಯಲಿಲ್ಲ. ಮುಖಂಡರು ಮಾತು ನಿಲ್ಲಿಸಿ, "ಮೈಕಲ್ಲೇ ಹೇಳಿಬಿಡಮ್ಮ. ನಾನೂ ಅದೇ ಅನ್ನ ಉಣ್ಬೇಕಲ್ಲ" ಅಂದರು.

ಎದ್ದೆ. ಹೆದರಿಕೊಂಡೇ ಹೋಗಿ ಮೈಕು ಹಿಡಿದೆ. "ನೀರು ಜಾಸ್ತೀನೇ ಇಡಿ, ಬೆಂದ್ಮೇಲೆ ಗಂಜಿ ಬಸೀರಿ" ಅಂದೆ. ಎಲ್ಲರೂ ನಕ್ಕರು, ಆ ನಗುವಿನಲ್ಲಿ ನನ್ನ ಹೆದರಿಕೆಯೂ ಹೋಯಿತು. ಮೈಕು ಇನ್ನೂ ಕೈಯಲ್ಲೇ ಇತ್ತು.

"ಇನ್ನೊಂದು ಮಾತು. ಮಳೆಗಾಲಕ್ಕೆ ತೋಟದಲ್ಲಿ ಕೊಡೋ ರೇನ್‌ಕೋಟು ಗಂಡಸರ ಅಳತೆದು. ನಾವು ಹಾಕ್ಕೊಂಡ್ರೆ ಕಾಲಿಗೆ ಸಿಕ್ಕಿ ಬೀಳ್ತೀವಿ. ತೋಳು ಮಡಚಿದ್ರೆ ಮಡಿಕೆ ತುಂಬ ನೀರು. ನಮ್ಮ ಅಳತೆದು ಬೇಕು."

ಹಿರಿಯಕ್ಕ ಎದ್ದು, ಹಿಂದಿನ ಮಳೆಗಾಲದಲ್ಲಿ ಹಾಗೇ ಬಿದ್ದು ಮೊಣಕೈಗೆ ಆಗಿದ್ದ ಗಾಯದ ಕಲೆ ತೋರಿಸಿದರು. ಮುಖಂಡರ ನಗು ಹೋಯಿತು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?"

"ಒಲೆ ಹತ್ರ ಇದ್ವಲ್ಲ" ಅಂದರು ಅಕ್ಕ.

ಬೇಡಿಕೆಗಳ ಜೊತೆ ಅದನ್ನೂ ಅಲ್ಲೇ ಸೇರಿಸಿದರು. ಊಟಕ್ಕೆ ಕೂತಾಗ ಅನ್ನ ಮುದ್ದೆಯಾಗಿತ್ತು. ಕೋಳಿ ಸಾರು ಮಾತ್ರ ನಿಜಕ್ಕೂ ರುಚಿಯಾಗಿತ್ತು, ಅದನ್ನು ಒಪ್ಪಿಕೊಳ್ಳಲು ನಮಗೆ ಎರಡನೇ ಸಲ ಬಡಿಸಿಕೊಳ್ಳುವ ತನಕ ಮನಸ್ಸು ಬರಲಿಲ್ಲ.

ಮಾಲೀಕರು ಅದಕ್ಕೆ ಒಪ್ಪಿದರು. ಮಳೆ ಹಿಡಿಯುವ ಮೊದಲು ತೋಟದ ಲೆಕ್ಕ ಬರೆಯುವ ರೈಟರು ಅಳತೆ ಟೇಪು ಹಿಡಿದು ನಾವಿರುವ ಲೈನ್ ಮನೆಗಳ ಹತ್ತಿರ ಬಂದರು. ಪಾಪ, ಅವರಿಗೇ ನಾಚಿಕೆ. ಟೇಪು ನಮ್ಮ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತು, ನಾವು ಒಬ್ಬರನ್ನೊಬ್ಬರು ಅಳೆದು ಕೂಗಿದ್ದನ್ನು ಬರೆದುಕೊಂಡರು. ಕೋಟು ಬಂತು, ಅಳತೆ ಸರಿಯಾಗಿತ್ತು. ಬಣ್ಣ ಮಾತ್ರ ಎಂಥ ಹಳದಿ ಅಂದರೆ, ಕಾಫಿ ಗಿಡದ ಮರೆಯಲ್ಲಿ ನಿಂತು ಒಂದು ಎಲೆಯಡಿಕೆ ಹಾಕುವಂತಿರಲಿಲ್ಲ, ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಆಚೆ ಗುಡ್ಡದಿಂದಲೇ ಕಾಣುತ್ತಿದ್ದೆವು.